ಗಡಿಯೂರಿನ ಬಿಡಿಭಾಗದ ಅಂಗಡಿಗಳು: ಒಂದು ಕಸುಬಿನ ಚರಿತ್ರೆ

ಬೀದರ್ ಜಿಲ್ಲೆಯ ಚರಿತ್ರೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಬಹಮನಿ ಸುಲ್ತಾನರ ಕೋಟೆ, ಮಹಮೂದ್ ಗವಾನರ ಮದರಸಾ, ಅಷ್ಟೂರಿನ ಗುಮ್ಮಟಗಳು ಮತ್ತು ಬಿದ್ರಿ ಕಲೆಯ ಹೂಜಿಗಳು. ಇವುಗಳ ಬಗ್ಗೆ ಬರೆದವರು ಅನೇಕರಿದ್ದಾರೆ, ಇನ್ನೂ ಬರೆಯುವವರಿದ್ದಾರೆ. ಆದರೆ ಕಳೆದ ಎಂಬತ್ತು ತೊಂಬತ್ತು ವರ್ಷಗಳಲ್ಲಿ ಈ ನೆಲದ ಸಾಮಾನ್ಯ ಮುಸ್ಲಿಮ್ ಕುಟುಂಬಗಳು ಏನು ಮಾಡಿ ಹೊಟ್ಟೆ ಹೊರೆದವು ಎಂದು ಕೇಳಿದರೆ ಉತ್ತರ ಕೋಟೆಯಲ್ಲಿಲ್ಲ. ಅದು ಬಸ್ ನಿಲ್ದಾಣದ ಪಕ್ಕದ ತಗಡಿನ ಗ್ಯಾರೇಜುಗಳಲ್ಲಿದೆ, ಎಣ್ಣೆಯ ಕಲೆ ಹತ್ತಿದ ಲೆಕ್ಕದ ಪುಸ್ತಕಗಳಲ್ಲಿದೆ, ಬಾಗಿಲ ಚೌಕಟ್ಟಿಗೆ ಫ್ಯಾನ್ ಬೆಲ್ಟುಗಳನ್ನು ತೋರಣದಂತೆ ತೂಗುಹಾಕಿದ ಬಿಡಿಭಾಗದ ಅಂಗಡಿಗಳಲ್ಲಿದೆ. ಆ ಅಂಗಡಿಗಳ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲವೆಂಬ ಕಾರಣಕ್ಕೇ ನಾವು ಇಲ್ಲಿ ಕೆಲವು ಸಂಗತಿಗಳನ್ನು ದಾಖಲಿಸಲು ಬಯಸುತ್ತೇವೆ.

ಕಮಲನಗರ ಗಡಿಯೂರು. ಬೀದರ್‌ನಿಂದ ಭಾಲ್ಕಿಯ ಮೇಲೆ ಉದಗೀರಿಗೆ ಹೋಗುವ ರೈಲು ಇಲ್ಲಿ ನಿಲ್ಲುತ್ತದೆ. ಬಹುಕಾಲ ಔರಾದ್ ತಾಲ್ಲೂಕಿನ ಹೋಬಳಿ ಊರಾಗಿದ್ದು, 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಕನ್ನಡ, ಮರಾಠಿ ಮತ್ತು ದಖನಿ ಉರ್ದು ಇಲ್ಲಿನ ಪೇಟೆಯಲ್ಲಿ ಒಂದೇ ವಾಕ್ಯದೊಳಗೆ ಸೇರಿಕೊಳ್ಳುತ್ತವೆ. ಗ್ಯಾರೇಜಿನ ನುಡಿಯಲ್ಲಂತೂ ಸ್ಪ್ಯಾನರ್ ‘ಪಾನಾ’, ಎಲೆಸ್ಪ್ರಿಂಗ್ ‘ಕಮಾನ್ ಪಟ್ಟಿ’, ಗ್ಯಾಸ್ಕೆಟ್ ‘ಪ್ಯಾಕಿಂಗ್’. ಕಲಿಸುವವನು ‘ಉಸ್ತಾದ್’, ಕಲಿಯುವವನು ‘ಶಾಗಿರ್ದ್’. ನಿಂತಿರುವ ಗಾಡಿಗಳ ಫಲಕಗಳನ್ನು ಓದಿದರೂ ಊರಿನ ಸ್ಥಿತಿ ತಿಳಿಯುತ್ತದೆ: ಬೀದರ್‌ನ ಕೆಎ 38, ಭಾಲ್ಕಿಯ ಕೆಎ 39, ಲಾತೂರಿನ ಎಂಎಚ್ 24.

ಇಂದಿನ ಯುವಕರು ‘ಪರ್ಫಾರ್ಮೆನ್ಸ್ ಪಾರ್ಟ್ಸ್’ ಎಂಬ ಮಾತನ್ನು ಮೊಬೈಲಿನಿಂದ ಕಲಿತಿದ್ದಾರೆ. ಅದರ ಅರ್ಥ ಅವರಿಗೆ ವೇಗ ಮತ್ತು ಸದ್ದು. ನಮ್ಮ ಹಿರಿಯರಿಗೆ ಆ ಪದ ಗೊತ್ತಿರಲಿಲ್ಲ. ಆ ಕೆಲಸ ಮಾತ್ರ ಚೆನ್ನಾಗಿ ಗೊತ್ತಿತ್ತು. ಗಾಡಿಯ ಶಕ್ತಿಯನ್ನು ಹೆಚ್ಚಿಸುವುದು, ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಯಂತ್ರದಿಂದ ಪಡೆಯುವುದು ಅವರ ದಿನನಿತ್ಯದ ದುಡಿಮೆಯಾಗಿತ್ತು. ಮಳೆಗಾಲದ ಎರೆಮಣ್ಣಿನಲ್ಲಿ ಹೂತ ಚಕ್ರ ಮೇಲೇಳಬೇಕು, ತೊಗರಿ ಮೂಟೆ ಹೊತ್ತ ಜೀಪು ದಿಬ್ಬ ಹತ್ತಬೇಕು, ಹೆರಿಗೆಯ ನೋವು ತಿನ್ನುತ್ತಿರುವ ಹೆಣ್ಣುಮಗಳು ರಾತ್ರಿಯೇ ಬೀದರ್ ತಲುಪಬೇಕು. ಅವರು ಹುಡುಕುತ್ತಿದ್ದ ಶಕ್ತಿ ಇಂಥದು.

ಮೋಟಾರು ಈ ಸೀಮೆಗೆ ಬಂದದ್ದು ನಿಜಾಮರ ಆಳ್ವಿಕೆಯಲ್ಲಿ. ಹೈದರಾಬಾದ್ ಸಂಸ್ಥಾನದ ರೈಲ್ವೆಯು 1932ರ ಜೂನ್ ತಿಂಗಳಲ್ಲಿ ರಸ್ತೆ ಸಾರಿಗೆ ವಿಭಾಗವನ್ನು ಆರಂಭಿಸಿತು. 27 ಬಸ್ಸುಗಳು ಮತ್ತು 166 ಮಂದಿ ನೌಕರರೊಂದಿಗೆ. ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ರೈಲ್ವೆ ಇಲಾಖೆಯೇ ಬಸ್ಸನ್ನೂ ಓಡಿಸಿದ್ದರಿಂದ ಒಂದು ಒಳಿತಾಯಿತು. ರೈಲ್ವೆ ಕಾರ್ಯಾಗಾರದ ಶಿಸ್ತು ಮೋಟಾರು ಕಾರ್ಯಾಗಾರಕ್ಕೂ ಹರಿಯಿತು. ಅಳತೆ ನೋಡಿ ಕೆಲಸ ಮಾಡುವುದು, ಬಿಚ್ಚಿದ ಭಾಗವನ್ನು ಸಾಲಾಗಿ ಜೋಡಿಸಿಡುವುದು, ಪ್ರತಿ ಬದಲಾವಣೆಯನ್ನು ಬರೆದಿಡುವುದು. ಅಂದಿನ ಬಿಡಿಭಾಗಗಳು ಹಡಗಿನಲ್ಲಿ ಬರಬೇಕಿತ್ತು. ಒಂದು ಬೇರಿಂಗ್ ಹೋದರೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಕಾಯಲಾಗದವನು ತಾನೇ ಮಾಡಿಕೊಳ್ಳಬೇಕಿತ್ತು. ದಖನಿನ ಮಿಸ್ತ್ರಿಯ ಕೈಚಳಕ ಹುಟ್ಟಿದ್ದು ಈ ಅಭಾವದಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯ ಮಹಾಯುದ್ಧ ಈ ಅಭಾವವನ್ನು ಇನ್ನೂ ಬಿಗಿಗೊಳಿಸಿತು. ಪೆಟ್ರೋಲಿಗೆ ಪಡಿತರ ಬಂದಾಗ ದೇಶದಾದ್ಯಂತ ಬಸ್ಸು ಲಾರಿಗಳ ಹಿಂಬದಿಗೆ ಇದ್ದಿಲಿನ ಒಲೆಗಳನ್ನು ಕಟ್ಟಲಾಯಿತು. ಅರೆಬೆಂದ ಇದ್ದಿಲಿನಿಂದ ಹೊರಡುವ ಅನಿಲವನ್ನು ಸೋಸಿ ಇಂಜಿನಿಗೆ ಊಡಿಸುವ ಆ ಏರ್ಪಾಟಿನಲ್ಲಿ ಗಾಡಿಯ ಶಕ್ತಿ ಬಹಳ ಕುಗ್ಗುತ್ತಿತ್ತು. ಕುಗ್ಗಿದ ಶಕ್ತಿಯನ್ನು ಅಲ್ಪಸ್ವಲ್ಪವಾದರೂ ಮರಳಿ ಪಡೆಯಲು ಮಿಸ್ತ್ರಿಗಳು ಸಿಲಿಂಡರ್ ಹೆಡ್ಡನ್ನು ತೆಳುವಾಗಿ ಉಜ್ಜಿಸುವುದು, ಕಿಡಿ ಹಾರುವ ಕ್ಷಣವನ್ನು ಹಿಂದೆ ಮುಂದೆ ಸರಿಸುವುದು ಮುಂತಾದ ಉಪಾಯಗಳನ್ನು ಮಾಡುತ್ತಿದ್ದರು. ಇಂದು ಓಟದ ಕಾರುಗಳಿಗೆ ದುಬಾರಿ ಹಣ ತೆತ್ತು ಮಾಡಿಸುವ ಕೆಲಸದ ಮೂಲಪಾಠ ಇದೇ ಆಗಿದೆ. ಇದೇ ಕಾಲದಲ್ಲಿ, 1942ರಲ್ಲಿ, ಹೈದರಾಬಾದಿನಲ್ಲಿ ಅಲ್ವಿನ್ ಮೆಟಲ್ ವರ್ಕ್ಸ್ ಆರಂಭವಾಯಿತು. ಸಂಸ್ಥಾನದ ಕೈಗಾರಿಕಾ ನಿಧಿ ಮತ್ತು ಅಲ್ಲಾವುದ್ದೀನ್ ಮನೆತನದ ವ್ಯಾಪಾರ ಸಂಸ್ಥೆ ಕೂಡಿ ಹೂಡಿದ ಕಾರ್ಖಾನೆಯದು. ಮುಂದೆ ಬಸ್ಸಿನ ಒಡಲುಗಳನ್ನು ಕಟ್ಟುವುದಕ್ಕೆ ಹೆಸರಾಯಿತು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಜೀಪು ಮತ್ತು ಲಾರಿಗಳು ಹರಾಜಿಗೆ ಬಂದವು. ‘ಡಿಸ್ಪೋಸಲ್ ಮಾಲು’ ಎಂಬ ಪದ ನಮ್ಮ ಗುಜರಿ ಬಜಾರುಗಳಿಗೆ ಬಂದದ್ದು ಆಗ.

ಜೀಪಿನ ವಿಷಯ ಬಂದಿರುವುದರಿಂದ ನಮ್ಮ ಮಕ್ಕಳಿಗೆ ತಿಳಿದಿರಬೇಕಾದ ಒಂದು ಸಂಗತಿಯನ್ನು ಹೇಳಿ ಮುಂದೆ ಹೋಗುತ್ತೇವೆ. ಇಂದು ಮಹೀಂದ್ರಾ ಅಂಡ್ ಮಹೀಂದ್ರಾ ಎಂದು ಕರೆಯಲ್ಪಡುವ ಸಂಸ್ಥೆಯು 1945ರಲ್ಲಿ ಸ್ಥಾಪನೆಗೊಂಡಾಗ ಅದರ ಹೆಸರು ‘ಮಹೀಂದ್ರಾ ಅಂಡ್ ಮೊಹಮ್ಮದ್’. ಮಹೀಂದ್ರಾ ಸಹೋದರರ ಪಾಲುದಾರರಾಗಿದ್ದ ಮಲಿಕ್ ಗುಲಾಮ್ ಮುಹಮ್ಮದ್ ದೇಶವಿಭಜನೆಯ ಬಳಿಕ ಪಾಕಿಸ್ತಾನಕ್ಕೆ ತೆರಳಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಸಂಸ್ಥೆಯ ಹೆಸರು ಬದಲಾಯಿತು. ಅಷ್ಟರಲ್ಲಿ ಅದು ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಕೈಗೆತ್ತಿಕೊಂಡಿತ್ತು. ಔರಾದ್ ಮತ್ತು ಭಾಲ್ಕಿ ಸೀಮೆಯ ಕಚ್ಚಾ ರಸ್ತೆಗಳಲ್ಲಿ ಮುಂದಿನ ನಾಲ್ಕು ದಶಕ ಜನರನ್ನೂ ಮೂಟೆಗಳನ್ನೂ ಹೊತ್ತದ್ದು ಆ ಜೀಪಿನ ವಂಶವೇ.

1948ರ ಸೆಪ್ಟೆಂಬರ್ ತಿಂಗಳಿನ ನಂತರದ ದಿನಗಳನ್ನು ಬಿಟ್ಟು ಈ ಕಸುಬಿನ ಚರಿತ್ರೆ ಬರೆಯಲಾಗದು. ಸೇನಾ ಕಾರ್ಯಾಚರಣೆಯ ಬೆನ್ನಿಗೆ ನಡೆದ ಹಿಂಸೆಯನ್ನು ಪರಿಶೀಲಿಸಲು ಬಂದ ಪಂಡಿತ್ ಸುಂದರ್‌ಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ಸಮಿತಿಯು ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್‌ಗಳನ್ನು ಹೆಸರಿಸಿತು. ಅದಕ್ಕೂ ಮುನ್ನ ರಜಾಕಾರರಿಂದ ನೊಂದ ಹಿಂದೂ ಕುಟುಂಬಗಳೂ ಇದೇ ಹಳ್ಳಿಗಳಲ್ಲಿದ್ದವು ಎಂಬುದನ್ನು ಮರೆಯುವುದು ನ್ಯಾಯವಲ್ಲ. ಇಲ್ಲಿ ನಮಗೆ ಪ್ರಸ್ತುತವಾದುದು ಅದರ ಆರ್ಥಿಕ ಪರಿಣಾಮ. ಸಂಸ್ಥಾನದ ಸೇನೆ ಮತ್ತು ಕಚೇರಿಗಳಲ್ಲಿದ್ದವರು ನೌಕರಿ ಕಳೆದುಕೊಂಡರು. 1949ರಲ್ಲಿ ಜಾಗೀರುಗಳು ರದ್ದಾದವು. ಜಾಗೀರುದಾರರಿಗಿಂತ ಹೆಚ್ಚಾಗಿ ಅವರನ್ನು ನಂಬಿದ್ದ ಪೇದೆ, ಗುಮಾಸ್ತ, ಸಾಯಿಸರು ಬೀದಿಗೆ ಬಿದ್ದರು. ಭೂಮಿಯಿಲ್ಲದ, ಬಂಡವಾಳವಿಲ್ಲದ, ಶಿಫಾರಸೂ ಇಲ್ಲದ ಮನುಷ್ಯನಿಗೆ ಉಳಿಯುವುದು ಕೈಕೆಲಸವೊಂದೇ. ಚಾಲಕ, ಕ್ಲೀನರ್, ಟಿಂಕರ್, ವೆಲ್ಡರ್, ಮಿಸ್ತ್ರಿ ಎಂಬ ಹೊಸ ಪದಗಳು ನಮ್ಮ ಓಣಿಗಳಲ್ಲಿ ವಂಶದ ಹೆಸರುಗಳಂತಾದುದು ಆ ಬಳಿಕ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಗ್ಯಾರೇಜಿನಲ್ಲಿ ಯಾರೂ ಅರ್ಜಿ ಕೇಳುತ್ತಿರಲಿಲ್ಲ. ಇಂಜಿನ್ ಹೊತ್ತಿಕೊಂಡರೆ ಅದೇ ಪ್ರಮಾಣಪತ್ರ.

ಎಂಟು ವರ್ಷಗಳ ಬಳಿಕ ಇನ್ನೊಂದು ಗೆರೆ ಬಿತ್ತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ್, ನಿಲಂಗಾ ಮತ್ತು ಅಹ್ಮದ್‌ಪುರ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್ ಮತ್ತು ನಾರಾಯಣಖೇಡ್ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಕಮಲನಗರದವರು ಪ್ರತಿವಾರ ಸಂತೆಗೆ ಹೋಗುತ್ತಿದ್ದ ಉದಗೀರು ಬೆಳಗಾಗುವುದರಲ್ಲಿ ಪರರಾಜ್ಯವಾಯಿತು. ಆದರೆ ಗೇರ್‌ಬಾಕ್ಸಿಗೆ ರಾಜ್ಯದ ಗಡಿ ತಿಳಿಯದು. ಸಣ್ಣ ಭಾಗ ಬೇಕಾದರೆ ಉದಗೀರು, ದೊಡ್ಡದು ಬೇಕಾದರೆ ಬೀದರ್, ಎಲ್ಲಿಯೂ ಸಿಗದಿದ್ದರೆ ಸಿಕಂದರಾಬಾದಿನ ರಾಣಿಗಂಜ್. ರಾಜಧಾನಿ ಬೆಂಗಳೂರಾದರೂ ಅದರ ಜೆ.ಸಿ. ರಸ್ತೆಯ ಅಂಗಡಿಸಾಲನ್ನು ನಮ್ಮ ಸೀಮೆಯ ಬಹುಪಾಲು ಮಿಸ್ತ್ರಿಗಳು ನೋಡಿಯೇ ಇರಲಿಲ್ಲ. ಬೆಳಗಿನ ರೈಲಿಗೆ ಕೆಟ್ಟ ಭಾಗವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗಿ, ಅದನ್ನು ಕೌಂಟರಿನ ಮೇಲಿಟ್ಟು, ಸರಿಜೋಡಿ ಸಿಕ್ಕಿದ ಮೇಲೆಯೇ ಹಿಂತಿರುಗುವುದು ರೂಢಿ. ಭಾಗದ ಸಂಖ್ಯೆ ಓದುವವರು ಕಡಿಮೆ. ಕೈಯಲ್ಲಿ ಹಿಡಿದು ತೂಕ ನೋಡಿ ಗುರುತಿಸುವವರೇ ಹೆಚ್ಚು.

ಆಮದು ನಿರ್ಬಂಧದ ಆ ದಶಕಗಳಲ್ಲಿ ಹೊಸ ಕಾರೆಂದರೆ ಅಂಬಾಸಿಡರ್, ಫಿಯಟ್ ಮತ್ತು ಸ್ಟ್ಯಾಂಡರ್ಡ್ ಮಾತ್ರ. ಅವಕ್ಕೂ ವರ್ಷಗಳ ಸರದಿ. ಹೀಗಾಗಿ ಗಾಡಿ ಸಾಯುವಂತಿರಲಿಲ್ಲ, ಅದನ್ನು ಮತ್ತೆ ಮತ್ತೆ ಬದುಕಿಸಬೇಕಿತ್ತು. ಬಿಡಿಭಾಗದ ಅಂಗಡಿಯ ಕಪಾಟಿನಲ್ಲಿ ಪಿಸ್ಟನ್ನುಗಳು ಪೆಟ್ಟಿಗೆಗಳಲ್ಲಿ ಸಾಲಾಗಿ ಇರುತ್ತಿದ್ದವು: ಸ್ಟ್ಯಾಂಡರ್ಡ್, ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ಈ ಅಂಕಿಗಳು ಅಂಗುಲದ ಸಾವಿರದ ಭಾಗಗಳು. ಸಿಲಿಂಡರ್ ಸವೆದಾಗ ಅದನ್ನು ಕೊರೆದು ಹತ್ತು ಸಾವಿರಾಂಶದಷ್ಟು ಅಗಲಗೊಳಿಸಿ ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ ಹಾಕುತ್ತಾರೆ. ಮತ್ತೆ ಸವೆದರೆ ಇಪ್ಪತ್ತು. ನಲವತ್ತು ಮುಟ್ಟಿದ ಮೇಲೆ ಗೋಡೆ ತೆಳ್ಳಗಾಗುತ್ತದೆ. ಆಗ ಸಿಲಿಂಡರಿಗೆ ಹೊಸ ಸ್ಲೀವ್ ಇಳಿಸಿ ಮೊದಲ ಅಳತೆಗೆ ಮರಳಬೇಕು. ಹೀಗೆ ಒಂದೇ ಇಂಜಿನ್ ಐದಾರು ಆಯುಷ್ಯಗಳನ್ನು ಬಾಳುತ್ತಿತ್ತು. ಕೊರೆದ ಪ್ರತಿ ಸಲವೂ ಇಂಜಿನ್ನಿನ ಗಾತ್ರ ಕೂದಲೆಳೆಯಷ್ಟು ಹಿಗ್ಗುತ್ತಿದ್ದುದರಿಂದ ಮೂವತ್ತರ ಪಿಸ್ಟನ್ ಹಾಕಿದ ಜೀಪು ಹೊಸದಕ್ಕಿಂತ ಜೋರಾಗಿ ಎಳೆಯುತ್ತದೆಂದು ಚಾಲಕರು ವಾದಿಸುತ್ತಿದ್ದರು. ಲೆಕ್ಕ ಹಾಕಿದರೆ ಆ ಹೆಚ್ಚಳ ತೀರಾ ಅಲ್ಪ. ಹೊಸ ರಿಂಗುಗಳ ಬಿಗಿಯನ್ನೇ ಅವರು ಬಲವೆಂದು ಭಾವಿಸಿರಬೇಕು.

ಇನ್ನೂ ಹಳೆಯ ಇಂಜಿನ್ನುಗಳಲ್ಲಿ ಬೇರಿಂಗುಗಳು ಅಂಗಡಿಯಲ್ಲಿ ಸಿಗುವ ವಸ್ತುವಾಗಿರಲಿಲ್ಲ. ತವರ, ಆಂಟಿಮನಿ ಮತ್ತು ತಾಮ್ರದ ಬಿಳಿಲೋಹವನ್ನು ಕರಗಿಸಿ, ನೇರವಾಗಿ ಅಚ್ಚಿನೊಳಗೆ ಎರೆದು, ತಣಿದ ಮೇಲೆ ಅರದಿಂದ ಕೆರೆಕೆರೆದು ಅಳತೆಗೆ ತರಬೇಕಿತ್ತು. ಬೀದರಿನಲ್ಲಿ ಸತುವು ಮತ್ತು ತಾಮ್ರವನ್ನು ಕರಗಿಸಿ ಬಿದ್ರಿ ಪಾತ್ರೆಗಳ ಎರಕ ಹೊಯ್ಯುವ ಪರಂಪರೆ ಶತಮಾನಗಳದ್ದು. ಎರಡರ ನಡುವೆ ನೇರ ಸಂಬಂಧ ಕಲ್ಪಿಸಿ ಹೆಮ್ಮೆಪಡುವುದು ಸುಲಭ, ಆದರೆ ಅದಕ್ಕೆ ಆಧಾರ ಬೇಕು. ಕರಗಿದ ಲೋಹದ ಬಣ್ಣ ನೋಡಿ ಅದರ ಹದ ಹೇಳುವ ಕಣ್ಣು ಈ ಊರಿಗೆ ಹೊಸದಾಗಿರಲಿಲ್ಲ ಎಂದಷ್ಟೇ ನಾವು ಹೇಳಬಲ್ಲೆವು. ಅಂದಹಾಗೆ, ತಿರುಗುವ ಚಲನೆಯನ್ನು ಹಿಂದೆಮುಂದೆ ಚಲಿಸುವ ದಂಡಕ್ಕೆ ಸಾಗಿಸುವ ಕ್ರ್ಯಾಂಕ್ ಏರ್ಪಾಟನ್ನು ನೀರೆತ್ತುವ ಯಂತ್ರವೊಂದರಲ್ಲಿ ಸ್ಪಷ್ಟವಾಗಿ ಚಿತ್ರಿಸಿದವರು ಅಲ್ ಜಝರಿ. ಅವರ ಯಂತ್ರಗ್ರಂಥ ಮುಗಿದದ್ದು 1206ರಲ್ಲಿ. ನಮ್ಮ ಭಾಷಣಗಳಲ್ಲಿ ಈ ಹೆಸರು ಆಗಾಗ್ಗೆ ಮೊಳಗುತ್ತದೆ. ಕ್ರ್ಯಾಂಕ್‌ಶಾಫ್ಟನ್ನು ದಿನವಿಡೀ ಮಡಿಲಲ್ಲಿಟ್ಟು ಉಜ್ಜುವ ಮಿಸ್ತ್ರಿಯ ಹೆಸರು ಮಾತ್ರ ಯಾವ ವೇದಿಕೆಯಲ್ಲೂ ಕೇಳಿಬರುವುದಿಲ್ಲ.

1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲ್ ದುಬಾರಿಯಾಯಿತು. ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸುವ ಕೆಲಸ ಆರಂಭವಾದದ್ದು ಆಗ. ಅಂಬಾಸಿಡರಿಗೂ ಜೀಪಿಗೂ ಮಟಡೋರ್ ವ್ಯಾನಿನ ಇಂಜಿನ್ ಹೊಂದಿಸಿದ ಗಾಡಿಗಳು ದಖನಿನಲ್ಲೆಲ್ಲ ಓಡಾಡಿದವು. ಇದು ಚಿಲ್ಲರೆ ಕೆಲಸವಲ್ಲ. ಡೀಸೆಲ್ ಇಂಜಿನ್ ಭಾರವಾದದ್ದು, ಅದರ ನಡುಕ ಹೆಚ್ಚು. ಮುಂದಿನ ಕಮಾನ್ ಪಟ್ಟಿಗೆ ಒಂದೆರಡು ಎಲೆ ಸೇರಿಸಬೇಕು, ಇಂಜಿನ್ ಕೂರುವ ಪೀಠವನ್ನು ಹೊಸದಾಗಿ ಬೆಸುಗೆ ಹಾಕಬೇಕು, ಇಂಜಿನ್ನಿನ ಮೈಗೂ ಗೇರ್‌ಬಾಕ್ಸಿನ ಬಾಯಿಗೂ ನಡುವೆ ಲೇತಿನಲ್ಲಿ ತಿರುವಿದ ತಟ್ಟೆಯನ್ನು ಇಡಬೇಕು. ಒಂದು ನೂಲು ವಾರೆಯಾದರೂ ಕ್ಲಚ್ಚು ತಿಂಗಳೊಳಗೆ ಸುಟ್ಟುಹೋಗುತ್ತದೆ. ಡೀಸೆಲ್ ಬಂದಂತೆ ‘ಪಂಪಿನ ಕೆಲಸ’ವೂ ಬಂತು. 1951ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ ಕಾರ್ಖಾನೆಯ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳು ರಾಜ್ಯದ ಮೂಲೆಮೂಲೆಗೂ ತಲುಪಿದವು. ನಮ್ಮ ಸೀಮೆಯಲ್ಲಿ ಪಂಪಿಗೇ ‘ಮೈಕೋ’ ಎಂದು ಹೆಸರಿಟ್ಟವರೂ ಇದ್ದರು. ಪಂಪಿನ ತಿರುಪನ್ನು ಅರ್ಧ ಸುತ್ತು ಬಿಗಿದರೆ ಹೆಚ್ಚು ಡೀಸೆಲ್ ಹರಿದು ಗಾಡಿ ಹೆಚ್ಚು ಎಳೆಯುತ್ತದೆ. ಹಾಗೆಯೇ ಕಪ್ಪು ಹೊಗೆ ಉಗುಳಿ ಪಿಸ್ಟನ್ನಿನ ತಲೆಯನ್ನು ಸುಡುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಮಾಲೀಕರು ಈ ಅರ್ಧ ಸುತ್ತಿಗಾಗಿ ಗೋಗರೆಯುವುದು ಇಂದಿಗೂ ನಿಂತಿಲ್ಲ. ಒಳ್ಳೆಯ ಉಸ್ತಾದನಾದವನು ಆ ತಿರುಪಿಗೆ ಸೀಸದ ಮುದ್ರೆ ಒತ್ತಿ, ಮುದ್ರೆ ಒಡೆದು ತಂದರೆ ತನ್ನ ಬಳಿಗೆ ಬರಬೇಡವೆಂದು ಹೇಳಿ ಕಳಿಸುತ್ತಿದ್ದ.

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇವೆ. ಬಟ್ಟೆಯನ್ನು ಮುಟ್ಟಿ ನೋಡಬಹುದು, ಅಕ್ಕಿಯನ್ನು ಬಾಯಿಗೆ ಹಾಕಿ ನೋಡಬಹುದು. ಬ್ರೇಕ್ ಶೂವಿನ ಒಳಗೇನಿದೆ ಎಂದು ಕೊಳ್ಳುವವನಿಗೆ ಹೇಗೆ ತಿಳಿಯಬೇಕು? ಬೇರಿಂಗಿನ ಗುಂಡುಗಳ ಉಕ್ಕು ಗಟ್ಟಿಯೋ ಮೆದುವೋ ಎಂಬುದು ಸಾವಿರ ಮೈಲಿ ಓಡಿದ ಮೇಲೆ ತಿಳಿಯುತ್ತದೆ, ಕೆಲವೊಮ್ಮೆ ಇಳಿಜಾರಿನಲ್ಲಿ ತಿಳಿಯುತ್ತದೆ. ಆದ್ದರಿಂದ ಈ ವ್ಯಾಪಾರದಲ್ಲಿ ಗಿರಾಕಿ ಕೊಳ್ಳುವುದು ವಸ್ತುವನ್ನಲ್ಲ, ಮಾರುವವನ ಮಾತನ್ನು. ಪ್ರವಾದಿ ಮುಹಮ್ಮದ್(ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒಳಗಿನ ತೇವವನ್ನು ಕಂಡುಹಿಡಿದು, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವರ್ತಕನನ್ನು ಪ್ರಶ್ನಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ. ಅಲ್ಲಿ ಧಾನ್ಯ ಒದ್ದೆಯಾದುದು ಅಪರಾಧವಾಗಿರಲಿಲ್ಲ, ಅದು ಮಳೆಯಿಂದಾದದ್ದು. ಒಣಗಿದ್ದನ್ನು ಮೇಲೆ ಹರಡಿದ್ದೇ ಅಪರಾಧ.

ಮುಸ್ಲಿಮ್ ನಗರಗಳಲ್ಲಿ ಇದಕ್ಕಾಗಿಯೇ ಮುಹ್ತಸಿಬ್ ಎಂಬ ಪೇಟೆ ಮೇಲ್ವಿಚಾರಕನಿದ್ದ. ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಶೈಝರಿ ಎಂಬವರು ಈ ಅಧಿಕಾರಿಗಳಿಗಾಗಿ ಒಂದು ಕೈಪಿಡಿ ಬರೆದರು. ರೊಟ್ಟಿ ಸುಡುವವರಿಂದ ಹಿಡಿದು ಔಷಧ ಮಾರುವವರ ತನಕ ಒಂದೊಂದು ಕಸುಬಿನ ಮೋಸಗಳ ಪಟ್ಟಿ ಅದರಲ್ಲಿದೆ. ಕಮ್ಮಾರರ ಪ್ರಕರಣದಲ್ಲಿ ಎರಡು ನಿಷೇಧಗಳು ನಮ್ಮ ಗಮನ ಸೆಳೆಯುತ್ತವೆ: ಮೆದು ಕಬ್ಬಿಣದ ಚಾಕು ಕತ್ತರಿಗಳನ್ನು ಉಕ್ಕಿನವೆಂದು ಮಾರಬಾರದು, ಹಳೆಯ ಮೊಳೆಗಳನ್ನು ನೆಟ್ಟಗೆ ಮಾಡಿ ಹೊಸ ಮೊಳೆಗಳೊಂದಿಗೆ ಬೆರೆಸಬಾರದು. ಎಂಟುನೂರು ವರ್ಷಗಳ ಹಿಂದಿನ ಈ ಎರಡು ಸಾಲಿನ ನಿಯಮದಲ್ಲಿ ಇಂದಿನ ಬಿಡಿಭಾಗದ ಪೇಟೆಯ ಎರಡು ದೊಡ್ಡ ರೋಗಗಳೂ ಇವೆ. ಒಂದು ನಕಲಿ ಮಾಲು, ಇನ್ನೊಂದು ಬಣ್ಣ ಬಳಿದ ಹಳೆಯ ಮಾಲು.

ನಾವು ಕಂಡ ಒಳ್ಳೆಯ ಅಂಗಡಿಗಳಲ್ಲಿ ಒಂದು ರೂಢಿಯಿತ್ತು. ಗಿರಾಕಿ ಭಾಗದ ಹೆಸರು ಹೇಳಿದೊಡನೆ ಅಂಗಡಿಯವರು ಎರಡು ಅಥವಾ ಮೂರು ಪೆಟ್ಟಿಗೆಗಳನ್ನು ಕೌಂಟರಿನ ಮೇಲಿಟ್ಟು ಬಾಯಿಬಿಟ್ಟು ಹೇಳುತ್ತಿದ್ದರು: ‘ಇದು ಕಂಪನಿ ಮಾಲು, ಇದು ಲೋಕಲ್, ಇದು ಬಿಚ್ಚಿದ ಮಾಲು.’ ಬೆಲೆ ಮೂರು ಬಗೆ, ಆಯ್ಕೆ ಗಿರಾಕಿಯದು. ಬ್ರೇಕು ಮತ್ತು ಸ್ಟಿಯರಿಂಗಿನ ವಿಷಯದಲ್ಲಿ ಮಾತ್ರ ಕೆಲವರು ಆಯ್ಕೆಯನ್ನೇ ಕೊಡುತ್ತಿರಲಿಲ್ಲ. ಲೋಕಲ್ ಮಾಲನ್ನು ಇಡುತ್ತಲೇ ಇರಲಿಲ್ಲ. ‘ಲೋಕಲ್’ ಎಂಬುದು ತನ್ನಷ್ಟಕ್ಕೆ ಮೋಸದ ಪದವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸಣ್ಣ ಕಾರ್ಖಾನೆಯೊಂದು ತನ್ನದೇ ಹೆಸರಿನಲ್ಲಿ ಮಾಡಿದ ಕನ್ನಡಿಯೋ ಬಾಗಿಲ ಹಿಡಿಯೋ ಅಗ್ಗವಾಗಿ ಸಿಕ್ಕರೆ ಅದು ಬಡವನಿಗೆ ಉಪಕಾರ. ಹೆಸರಾಂತ ಕಂಪನಿಯ ಹೆಸರಿನಲ್ಲಿ ಒಂದಕ್ಷರ ತಿದ್ದಿ, ಅದೇ ಬಣ್ಣದ ಪೆಟ್ಟಿಗೆಯಲ್ಲಿ ತುಂಬಿದಾಗ ಅದು ಒಣ ಧಾನ್ಯದ ಕೆಳಗಿನ ಒದ್ದೆ ಧಾನ್ಯವಾಗುತ್ತದೆ.

ಉದ್ರಿಯ ಬಗೆಗೂ ಎರಡು ಮಾತು. ರೈತನ ಜೀಪು ಕೆಡುವುದು ಜೂನ್ ತಿಂಗಳಲ್ಲಿ, ಅವನ ಕೈಗೆ ದುಡ್ಡು ಬರುವುದು ತೊಗರಿ ಬಂದ ಮೇಲೆ. ನಡುವಿನ ಆರೇಳು ತಿಂಗಳನ್ನು ಅಂಗಡಿಯ ಖಾತೆ ಹೊರುತ್ತಿತ್ತು. ಬಡ್ಡಿಯಿಲ್ಲದ ಈ ಉದ್ರಿ ನಿಂತದ್ದು ಬರವಣಿಗೆಯ ಮೇಲೆ. ಕುರ್‌ಆನಿನ ಅತಿ ದೀರ್ಘ ಸೂಕ್ತ (2:282) ಸಾಲವನ್ನು ಬರೆದಿಡುವ ಕ್ರಮದ ಬಗ್ಗೆಯೇ ಇದೆ ಎಂಬುದನ್ನು ಬಲ್ಲ ಅಂಗಡಿಕಾರರು ಗಿರಾಕಿಯ ಮುಂದೆಯೇ ಬರೆದು, ಓದಿ ಹೇಳಿ, ಅವನ ಹೆಬ್ಬೆಟ್ಟನ್ನೋ ಸಹಿಯನ್ನೋ ಪಡೆಯುತ್ತಿದ್ದರು. ಹಾಗೆ ಮಾಡದೆ ಸ್ನೇಹದ ಸಂಕೋಚಕ್ಕೆ ಬಾಯಿಲೆಕ್ಕ ಇಟ್ಟುಕೊಂಡವರ ಅಂಗಡಿಗಳು ಒಂದು ಬರಗಾಲಕ್ಕೆ ಮುಚ್ಚಿದವು, ಸ್ನೇಹವೂ ಉಳಿಯಲಿಲ್ಲ.

ಹೊಗಳಿಕೆಯಷ್ಟೇ ಹೇಳಿ ನಿಲ್ಲಿಸಿದರೆ ಇದು ಚರಿತ್ರೆಯಾಗದು. ಈ ಕಸುಬು ನಮ್ಮ ಮಕ್ಕಳ ಬಾಲ್ಯವನ್ನು ತಿಂದಿದೆ. ಹತ್ತು ಹನ್ನೊಂದರ ಹುಡುಗನನ್ನು ಶಾಲೆ ಬಿಡಿಸಿ ‘ಹುನರ್ ಕಲಿಯಲಿ’ ಎಂದು ಉಸ್ತಾದನ ಕೈಗೊಪ್ಪಿಸುವುದು ಮನೆಮನೆಯ ಪದ್ಧತಿಯಾಗಿತ್ತು. ಮೊದಲ ವರ್ಷ ಚಹಾ ತರುವುದು, ಎರಡನೆಯ ವರ್ಷ ಪಾನಾ ತೊಳೆಯುವುದು, ಮೂರನೆಯ ವರ್ಷ ಗಾಡಿಯ ಕೆಳಗೆ ಮಲಗುವುದು. ಸಂಬಳವೆಂದರೆ ವಾರದ ಖರ್ಚಿಗೆ ಕೊಟ್ಟಷ್ಟು. ಪೆಟ್ರೋಲಿನಲ್ಲಿ ಭಾಗಗಳನ್ನು ತೊಳೆದು ಒಡೆದ ಅಂಗೈಗಳು, ಗ್ರೈಂಡರಿನ ಕಿಡಿ ತಗುಲಿದ ಕಣ್ಣುಗಳು, ಬ್ರೇಕ್ ಧೂಳಿನ ಕೆಮ್ಮು ಇವನ್ನು ಯಾವ ಖಾತೆಯಲ್ಲೂ ಬರೆದಿಲ್ಲ. 2016ರ ಕಾನೂನು ತಿದ್ದುಪಡಿಯ ಬಳಿಕ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲೂ ಇರಿಸಿಕೊಳ್ಳುವಂತಿಲ್ಲ. ಸ್ವಂತ ಕುಟುಂಬದ ಕೆಲಸದಲ್ಲಿ ಶಾಲೆಯ ಸಮಯದ ಹೊರಗೆ ನೆರವಾಗುವುದಕ್ಕೆ ವಿನಾಯಿತಿಯಿದೆ. ಉಸ್ತಾದ್ ಶಾಗಿರ್ದ್ ಸಂಬಂಧದ ಸೊಬಗನ್ನು ಕೊಂಡಾಡುವವರು ತಮ್ಮ ಮಗನನ್ನು ಗ್ಯಾರೇಜಿಗೆ ಕಳಿಸಿದ್ದಾರೆಯೇ ಎಂದು ನಾವು ಕೇಳಬಯಸುತ್ತೇವೆ. ಅಪಾರ ಜ್ಞಾನವಿದ್ದ ಎಷ್ಟೋ ಉಸ್ತಾದರಿಗೆ ತಮ್ಮ ಜ್ಞಾನವನ್ನು ಬರೆದಿಡಲು ಅಕ್ಷರವಿರಲಿಲ್ಲ. ಅವರೊಂದಿಗೆ ಅದೂ ಮಣ್ಣು ಸೇರಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, 1991ರಲ್ಲಿ ಆಮದಿನ ಬಾಗಿಲು ತೆರೆಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲಾಯ್ ಚಕ್ರ, ಅಗಲ ಟೈರು, ತೆರೆದ ಏರ್ ಫಿಲ್ಟರು, ಗುಡುಗುವ ಸೈಲೆನ್ಸರುಗಳ ಅಂಗಡಿಗಳು ಸಾಲುಗಟ್ಟಿದವು. ಹೊಸ ಶತಮಾನದಲ್ಲಿ ಆ ಅಲೆ ನಮ್ಮ ಸೀಮೆಗೂ ತಲುಪಿತು; ಈಗ ಮೊಬೈಲಿನಲ್ಲಿ ಒತ್ತಿದರೆ ಮೂರು ದಿನಕ್ಕೆ ಪೊಟ್ಟಣ ಕಮಲನಗರಕ್ಕೇ ಬರುತ್ತದೆ. ಇದೆಲ್ಲವನ್ನೂ ಹಾಳೆಂದು ತಳ್ಳಿಹಾಕುವುದು ಸರಿಯಲ್ಲ. ಒಳ್ಳೆಯ ಟೈರು, ಒಳ್ಳೆಯ ಬ್ರೇಕ್ ಪ್ಯಾಡು, ಸರಿಯಾದ ಶಾಕ್ ಅಬ್ಸಾರ್ಬರ್ ಗಾಡಿಯ ಸಾಮರ್ಥ್ಯವನ್ನೂ ಹೆಚ್ಚಿಸುತ್ತವೆ, ಪ್ರಾಣವನ್ನೂ ಕಾಯುತ್ತವೆ. ಓಟವೂ ಒಂದು ಕ್ರೀಡೆಯೇ, ಅದರದೇ ಪಥಗಳಿವೆ, ನಿಯಮಗಳಿವೆ. ಆದರೆ ನಮ್ಮ ಊರುಗಳಲ್ಲಿ ಮಾರಾಟವಾಗುವುದರಲ್ಲಿ ಬ್ರೇಕಿಗಿಂತ ಸದ್ದೇ ಹೆಚ್ಚು. ಸೈಲೆನ್ಸರಿನ ಒಳಗಿನ ತಡೆಗಳನ್ನು ಕಿತ್ತರೆ ಸಾಮಾನ್ಯ ಗಾಡಿಗೆ ಬರುವ ಶಕ್ತಿ ಗಣನೆಗೆ ಬಾರದಷ್ಟು. ಎಷ್ಟೋ ಸಲ ಕೆಳಗಿನ ವೇಗದಲ್ಲಿ ಎಳೆತ ಕಡಿಮೆಯೂ ಆಗುತ್ತದೆ. ಹೆಚ್ಚುವುದು ಗದ್ದಲವೊಂದೇ. ಲುಕ್ಮಾನ್ ಅಧ್ಯಾಯದಲ್ಲಿ ಧ್ವನಿ ತಗ್ಗಿಸುವ ಉಪದೇಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದ ಹುಡುಗರೇ ರಮಝಾನಿನ ರಾತ್ರಿ ತರಾವೀಹ್ ಮುಗಿಸಿ ಹೊರಬಂದು ರೋಗಿಗಳಿರುವ ಓಣಿಯಲ್ಲಿ ಬೈಕು ಗುಡುಗಿಸುವುದನ್ನು ನಾವು ಪ್ರತಿವರ್ಷ ಕೇಳುತ್ತಿದ್ದೇವೆ. ಇದರಿಂದ ನೆರೆಹೊರೆಯವರಿಗಾಗುವ ಹಿಂಸೆಯ ಜೊತೆಗೆ ಇಡೀ ಸಮುದಾಯದ ಮೇಲೆ ಬರುವ ಮಾತೂ ಇದೆ.

ಕಾನೂನು ಈಗ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿಯನ್ವಯ ಕಾರ್ಖಾನೆ ನಮೂದಿಸಿದ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯು ಅನಧಿಕೃತವಾಗಿ ವಾಹನ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಿತು. ಸುರಕ್ಷತೆಗೆ ಅತ್ಯಗತ್ಯವೆಂದು ಅಧಿಸೂಚಿಸಿದ ಭಾಗಗಳನ್ನು ಗುಣಮಟ್ಟಕ್ಕೆ ವಿರುದ್ಧವಾಗಿ ಮಾರಿದವನಿಗೆ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗಿನ ಸೆರೆ. ಎರಡನೆಯ ನಿಯಮದ ಸುದ್ದಿಯೇ ನಮ್ಮ ಪೇಟೆಗಳಲ್ಲಿಲ್ಲ. ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹಾಯಿಸಿದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಜಜ್ಜಿದ್ದು ಕೊಂಡವನ ಸೈಲೆನ್ಸರು. ಮಾರಿದವನ ಅಂಗಡಿ ಮರುದಿನವೂ ತೆರೆದಿರುತ್ತದೆ. ‘ನಾನು ಮಾರುತ್ತೇನೆ, ಹಾಕಿಕೊಳ್ಳುವುದು ಅವನಿಗೆ ಬಿಟ್ಟದ್ದು’ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ರಸ್ತೆಯಲ್ಲಿ ಬಳಸಲಾಗದ ವಸ್ತುವನ್ನು ರಸ್ತೆಯ ಗಾಡಿಗೆಂದೇ ಮಾರುವವನು ಅದನ್ನು ಸ್ಪಷ್ಟವಾಗಿ ಹೇಳದಿದ್ದರೆ ಅವನೂ ಧಾನ್ಯದ ರಾಶಿಯ ಹಿಂದೆ ಕುಳಿತವನೇ.

ಅಂಗಡಿಯವರ ಕಷ್ಟವೂ ಸಣ್ಣದಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಇಂಜಿನ್ನಿನ ಬಹುಪಾಲು ಸಂವೇದಕಗಳ ಕೈಯಲ್ಲಿದೆ. ಪಂಪಿನ ಅರ್ಧ ಸುತ್ತಿನ ಜಾಗದಲ್ಲಿ ಲ್ಯಾಪ್‌ಟಾಪಿನಿಂದ ಮಾಡುವ ರೀಮ್ಯಾಪ್ ಬಂದಿದೆ. ಕಿವಿಯಿಂದ ರೋಗ ಹೇಳುತ್ತಿದ್ದ ಮಿಸ್ತ್ರಿಗೆ ಸ್ಕ್ಯಾನರ್ ಕೊಳ್ಳದೆ ಗತಿಯಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಉದಗೀರಿಗೂ ಕಮಲನಗರಕ್ಕೂ ತೆರಿಗೆಯ ಭೇದ ಅಳಿಯಿತು, ಆದರೆ ಹೆಚ್ಚಿನ ಬಿಡಿಭಾಗಗಳ ಮೇಲೆ ಶೇ. 28ರ ಹೊರೆ ಬಿತ್ತು, ಅದು ಶೇ. 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಹೆಚ್ಚಿನ ತೆರಿಗೆಯ ಆ ಎಂಟು ವರ್ಷಗಳಲ್ಲಿ ಬಿಲ್ಲಿಲ್ಲದ ನಕಲಿ ಮಾಲಿನ ಆಮಿಷಕ್ಕೆ ಸಿಲುಕದೆ ಅಂಗಡಿ ನಡೆಸಿದವರ ಮೇಲೆ ನಮಗೆ ಗೌರವವಿದೆ. ಈ ಕುಟುಂಬಗಳ ಮುಂದಿನ ಪೀಳಿಗೆಯಲ್ಲಿ ಡಿಪ್ಲೊಮಾ ಓದಿದವರಿದ್ದಾರೆ, ಲೆಕ್ಕಪತ್ರ ನೋಡಿಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಅಜ್ಜ ತೂಕದಿಂದ ಗುರುತಿಸುತ್ತಿದ್ದ ಭಾಗದ ಸಂಖ್ಯೆಯನ್ನು ಮೊಮ್ಮಗಳು ಪರದೆಯಲ್ಲಿ ಹುಡುಕಿ, ಪೆಟ್ಟಿಗೆಯ ಮೇಲಿನ ಸಂಕೇತವನ್ನು ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ಎಂದು ಗಿರಾಕಿಗೆ ತೋರಿಸಬಹುದಾದ ಕಾಲವಿದು.

ಈಗ ಈ ಅಂಗಡಿಗಳ ಕೌಂಟರಿನಲ್ಲಿ ಕೇಳಿಬರುವ ಪ್ರಶ್ನೆ ಇನ್ನೊಂದು. ಬೀದರಿನ ರಸ್ತೆಗಳಿಗೆ ಬ್ಯಾಟರಿ ಆಟೋಗಳು ಬಂದಿವೆ. ಭಾಲ್ಕಿ, ಔರಾದ್, ಕಮಲನಗರಗಳಿಗೂ ಬರುತ್ತವೆ. ಆ ಗಾಡಿಯಲ್ಲಿ ಪಿಸ್ಟನ್ನಿಲ್ಲ, ಪ್ಲಗ್ಗಿಲ್ಲ, ಡೀಸೆಲ್ ಪಂಪಿಲ್ಲ, ಗುಡುಗಿಸಲು ಸೈಲೆನ್ಸರಂತೂ ಇಲ್ಲವೇ ಇಲ್ಲ. ಕಪಾಟಿನ ಅರ್ಧಕ್ಕಿಂತ ಹೆಚ್ಚು ಮಾಲು ಅದಕ್ಕೆ ಬೇಡ. ಬೇಕಾಗಿರುವುದು ಬ್ರೇಕ್ ಶೂ, ಚಕ್ರದ ಬೇರಿಂಗು, ಕಮಾನ್ ಪಟ್ಟಿ ಮತ್ತು ಟೈರು. ಕಣ್ಣಿಗೆ ಒಳಗಿನ ಗುಣ ಕಾಣಿಸದೆ, ಮಾರುವವನ ಮಾತನ್ನೇ ನಂಬಿ ಕೊಳ್ಳಬೇಕಾದ ಅದೇ ನಾಲ್ಕು ವಸ್ತುಗಳು.